ಹಾದಿಯ ಮೊದಲಿಗೆ ಒಂದು ಚುಕ್ಕಿ

ಹರಿಹರದಿಂದ ದಿನಾ ಬಸ್ಸಿನಲ್ಲಿ ಪಕ್ಕದ ಊರಿನ ಕರೂರು ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಭಾಗ ಮಾಡುವ ಕಾರ್ಖಾನೆಗೆ ಬರುವ ನನಗೆ ಒಂದು ಕೆಟ್ಟ ಚಟವಿದೆ. ಸಣ್ಣದೊಂದು ಸಂಗತಿ ಹದ ತಪ್ಪಿದರೂ, ಯಾಕೆಂದು ತಿಳಿಯುವವರೆಗೆ ಊಟ ಸೇರುವುದಿಲ್ಲ. ಅಂದು ತಪ್ಪಿದ್ದು ಅರೆಕ್ಷಣ. ಸರ್ವರಿನ ಕಪ್ಪು ಪರದೆಯಲ್ಲಿ ‘ಎಲ್‌ಎಸ್’ ಎಂಬ ಆದೇಶ ಒತ್ತಿದರೆ ಫೋಲ್ಡರಿನ ಫೈಲುಗಳ ಹೆಸರು ಥಟ್ಟನೆ ಬರಬೇಕು. ಎಲ್ಲ ಕಡೆ ಬರುತ್ತಿತ್ತು. ಹೊರಗಿನ ವರ್ಕ್‌ಶಾಪಿನವರು ಫೈಲು ಹಾಕುವ ಫೋಲ್ಡರಿನಲ್ಲಿ ಮಾತ್ರ ತುಸು ತಡೆದು ಬರುತ್ತಿತ್ತು.

ಸರ್ವರ್ ನೋಡಿಕೊಳ್ಳುವವರು ನಾವಿಬ್ಬರೇ. ಇನ್ನೊಬ್ಬರು, ನಾನು ‘ಸರ್’ ಎನ್ನುವ ಹಿರಿಯರು, ಸಗಟು ಅಂಗಡಿಗಳ ಸಾಲುಗಳಿರುವ ಮಂಡಿಪೇಟೆಯ ಕಾಳಿನ ವ್ಯಾಪಾರದ ಮನೆಯವರು.

“ನೆಟ್‌ವರ್ಕ್ ಸ್ಲೋ ಐತೆ, ಬಿಡಮ್ಮ,” ಅಂದರು.

ಬಿಡುವ ಜಾಯಮಾನ ನನ್ನದಲ್ಲ. ಆದೇಶವೆಂದರೆ ಯಂತ್ರದೊಳಗಿನ ಒಂದು ಪುಟ್ಟ ಪ್ರೋಗ್ರಾಂ ಫೈಲು; ಓಡುತ್ತಿರುವುದು ಯಾವ ಎಲ್‌ಎಸ್ ಎಂದು ಯಂತ್ರವನ್ನೇ ಕೇಳಿದೆ. ಅದರ ಸ್ವಂತದ್ದಲ್ಲ, ಆ ಫೋಲ್ಡರಿನಲ್ಲಿ ಯಾರೋ ಇಟ್ಟಿದ್ದ ಅದೇ ಹೆಸರಿನ ಫೈಲು. ತೆರೆದು ಓದಿದೆ. ಅದು ಮೊದಲು, ಆದೇಶ ಒತ್ತಿದ ನಮ್ಮದೇ ಅಧಿಕಾರದಲ್ಲಿ, ನಮ್ಮ ಡ್ರಾಯಿಂಗುಗಳ ಬೀಗವನ್ನು ಸರ್ವರಿಗೆ ಬರುವ ಹೊರಗಿನವರಿಗೂ ತೆರೆದಿಟ್ಟು, ಆಮೇಲೆ ಏನೂ ಅರಿಯದಂತೆ ಅಸಲಿ ಎಲ್‌ಎಸ್ಸನ್ನು ಕರೆಯುತ್ತಿತ್ತು. ನಮ್ಮ ದೊಡ್ಡ ಗಿರಾಕಿ ನಂಬಿ ಕೊಟ್ಟಿದ್ದ ಹೊಸ ಪಂಪಿನ ಡ್ರಾಯಿಂಗೂ ಅಲ್ಲೇ ಇತ್ತು.

ಯಂತ್ರ ಅಲ್ಲಿಗೇಕೆ ಹೋಯಿತು? ಆದೇಶವನ್ನು ಯಾವ ಯಾವ ಫೋಲ್ಡರಿನಲ್ಲಿ ಹುಡುಕಬೇಕೆಂದು ಯಂತ್ರಕ್ಕೆ ಹೇಳಿಕೊಟ್ಟ ಹಾದಿಯೊಂದಿರುತ್ತದೆ. ನಮ್ಮದರ ಮೊದಲಿಗೆ ಒಂದು ಚುಕ್ಕಿಯಿತ್ತು. ಚುಕ್ಕಿ ಎಂದರೆ ನಾವು ಆಗ ನಿಂತಿರುವ ಫೋಲ್ಡರು.

“ಇದನ್ನ ಯಾರು ಹಾಕಿದ್ದು ಸರ್?”

“ನಾನೇ. ನಮ್ಮ ಮಂಡಿಪೇಟ್ಯಾಗೆ ಹಂಗೇ ಅಲ್ಲೇನಮ್ಮ? ಗಿರಾಕಿ ಕೇಳಿದ್ದು ನಮ್ಮ ಅಂಗಡ್ಯಾಗೆ ಇಲ್ಲಾಂದ್ರೆ ಮೊದ್ಲು ನಮ್ಮ ಸಾಲ್ನಾಗೆ ಕೇಳ್ಬೇಕು. ಸಿಗ್ಲಿಲ್ಲಾಂದ್ರೆ ಮುಂದಿನ ಸಾಲು. ಪಕ್ಕದೋರನ್ನ ದಾಟಿ ಹೋದ್ರೆ ಮರ್ಯಾದಿ ಅಲ್ಲ.”

ಸಿಟ್ಟು ಬಂದದ್ದು ಅಲ್ಲಿಗೇ ಇಳಿಯಿತು. ಪದ್ಧತಿಯೇನೋ ಒಳ್ಳೆಯದೇ.

“ಸಾಲು ನಮ್ದಾದ್ರೆ ಸರಿ ಸರ್. ಈ ಚುಕ್ಕಿ ನಾವು ಹೋದಲ್ಲೆಲ್ಲ ಬರ್ತೈತೆ. ಕಂಡೋರ ಸಾಲ್ನಾಗೆ ನಿಂತ್ರೂ ಮೊದ್ಲು ಅಲ್ಲೇ ಕೇಳ್ತೈತೆ.”

ಅವರು ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಆ ಫೈಲನ್ನು ತೆಗೆದಿಟ್ಟು, ಚುಕ್ಕಿ ಅಳಿಸಿ, ಡ್ರಾಯಿಂಗುಗಳಿಗೆ ಬೀಗ ಹಾಕಿ, ಗಿರಾಕಿಗೆ ಹೇಳಲೆಂದು ಫೋನ್ ಕೈಗೆತ್ತಿಕೊಂಡರು.

“ಯಾರಾದ್ರೂ ನೋಡಿದಾರೋ ಇಲ್ಲೋ ಗೊತ್ತಿಲ್ಲವಲ್ಲ ಸರ್. ಗಿರಾಕಿ ಕೈ ಬಿಟ್ರೆ?”

“ಗೊತ್ತಿಲ್ಲ ಅನ್ನೋದನ್ನೇ ಹೇಳ್ಬೇಕು. ಪಕ್ಕದ ಅಂಗಡ್ಯಾಗಿಂದ ತರಿಸಿಕೊಟ್ಟ ಕಾಳಿನಾಗೆ ಹುಳ ಇದ್ರೆ, ಕೊಟ್ಟ ನಾವೇ ಹೇಳ್ತೀವಿ. ಅದೂ ನಮ್ಮ ಪದ್ಧತೀನೇ.”

ಆ ಕಡೆಯವರು ಬಹಳ ಹೊತ್ತು ಮಾತಾಡಿದರು. ಇವರು “ಹೌದ್ರಿ, ತಪ್ಪು ನಂದೇ” ಎಂದಷ್ಟೇ ಹೇಳಿದರು. ಪಾಪ ಅನ್ನಿಸಿತು, ಅದಕ್ಕಿಂತ ಹೆಚ್ಚು ಗೌರವ ಮೂಡಿತು.

ಆ ಫೈಲು ಇಟ್ಟವರು ಯಾರೆಂದು ಇಂದಿಗೂ ಪತ್ತೆಯಾಗಿಲ್ಲ, ಆ ಕಸಿವಿಸಿ ನನಗಿನ್ನೂ ಹೋಗಿಲ್ಲ. ಹೊಸ ಪಂಪಿನ ಕೆಲಸ ಬೇರೆಯವರ ಪಾಲಾಯಿತು. ಹಳೆಯ ಪಂಪುಗಳ ಕೆಲಸವನ್ನು ಮಾತ್ರ ಆ ಗಿರಾಕಿ ಇವತ್ತಿಗೂ ನಮಗೇ ಕೊಡುತ್ತಾರೆ, ಸರ್ ಅವರನ್ನೇ ಕೇಳಿ ಫೋನ್ ಮಾಡುತ್ತಾರೆ.