ಮಾವನ ಮೀಸೆಗೆಂದು ಕೊಂಡ ರೇಜರು

ವಾರಕ್ಕೆ ಎರಡು ಸಲ ನಾನು ನನ್ನ ಮಾವನ ಕುತ್ತಿಗೆಯ ಮೇಲೆ ಬ್ಲೇಡು ಇಡುತ್ತೇನೆ. ಬುಧವಾರ ಶಾಲೆಗೆ ಹೊರಡುವ ಮುಂಚೆ, ಭಾನುವಾರ ಬಿಸಿಲು ಜಗಲಿಗೆ ಬಂದ ಮೇಲೆ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ ಅವರಿಗೆ ಆಗುವುದಿಲ್ಲ. ಊರಿನವರು ಇದನ್ನು ಸೇವೆ ಎನ್ನುತ್ತಾರೆ. ಇಂಥ ಸೊಸೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಎದುರು ಮನೆಯಾಕೆ ತನ್ನ ಸೊಸೆಗೆ ಕೇಳಿಸುವ ಹಾಗೆ ಹೇಳುತ್ತಾಳೆ. ನಾನು ಯಾರನ್ನೂ ತಿದ್ದಲು ಹೋಗಿಲ್ಲ. ಶಾಲೆಯಲ್ಲಿ ತಿದ್ದುವುದೇ ಬೇಕಾದಷ್ಟಿದೆ.

ಆ ರೇಜರನ್ನು ನಾನು ಕೊಂಡದ್ದು ಸೇಡಿಗೆ.

ಸೇಡು ಹುಟ್ಟಿದ್ದು ನನ್ನ ಮದುವೆಯ ವರ್ಷ. ಪಿಯುಸಿ ಮುಗಿಸಿ ಈ ಮನೆಗೆ ಬಂದೆ. ಈ ಹಳ್ಳಿ ಶಿರಾ ಹೈವೇಯ ತಾವರೆಕೆರೆಯಿಂದ ಮೂರು ಕಿಲೋಮೀಟರು ಒಳಗೆ. ಆಗ ಮನೆಯಲ್ಲಿ ಎಂಬತ್ತು ಕುರಿಗಳಿದ್ದವು. ಉಣ್ಣೆ ಕತ್ತರಿಸುವುದರಲ್ಲಿ ಮಾವನನ್ನು ಮೀರಿಸುವವರು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ಆದರೆ ಅವರಿಗೆ ಹೆಸರು ತಂದದ್ದು ಕತ್ತರಿಗಿಂತ ಹೆಚ್ಚಾಗಿ ಮೀಸೆ. ಹರಳೆಣ್ಣೆ ತೀಡಿ ಎರಡೂ ತುದಿ ಮೇಲಕ್ಕೆ ತಿರುವಿದ ದಪ್ಪ ಮೀಸೆ. ಊರಲ್ಲಿ ಯಾವ ನ್ಯಾಯ ನಡೆದರೂ ಅವರ ಬಾಯಿ ತೆರೆಯುವ ಮುಂಚೆ ಕೈ ಮೀಸೆಗೆ ಹೋಗುತ್ತಿತ್ತು. ಅಷ್ಟಕ್ಕೇ ಅರ್ಧ ಜನ ಸುಮ್ಮನಾಗುತ್ತಿದ್ದರು.

ಡಿ.ಎಡ್. ಓದುತ್ತೇನೆ ಎಂದು ನಾನು ಅತ್ತೆಯ ಹತ್ತಿರ ಹೇಳಿದ್ದೆ. ಮಾತು ಸಂಜೆಯೊಳಗೆ ಅರಳಿಕಟ್ಟೆ ಮುಟ್ಟಿತು. ನಾನು ಕಟ್ಟೆಯ ಪಕ್ಕದ ನಲ್ಲಿಯಲ್ಲಿ ಬಿಂದಿಗೆ ಹಿಡಿದು ನಿಂತಿದ್ದೆ. ಮಾವ ನನ್ನನ್ನು ನೋಡಿದರು, ಮೀಸೆ ಮುಟ್ಟಿಕೊಂಡರು, ಇಡೀ ಕಟ್ಟೆಗೆ ಕೇಳುವಂತೆ ಹೇಳಿದರು.

"ಇವಳು ಮೇಡಮ್ಮಾಗಿ, ಬ್ಯಾಗು ತಗಲಾಕ್ಕಂಡು ಬಸ್ ಹತ್ತಿದ್ ದಿವ್ಸ ನಾನು ಈ ಮೀಸೆ ಬೋಳಿಸ್ಕಂತೀನಿ ಕಣ್ರಲಾ!"

ಕಟ್ಟೆಗೆ ಕಟ್ಟೆಯೇ ನಕ್ಕಿತು. ನಲ್ಲಿಯ ಹತ್ತಿರ ಇದ್ದ ಹೆಂಗಸರು ನಕ್ಕರು. ನಮ್ಮ ಯಜಮಾನರೂ ನಕ್ಕರು. ಅವರ ವಿಷಯ ಬೇರೆ, ಅದನ್ನು ನಾನು ಬೇರೆಯಾಗಿ ನೋಡಿಕೊಂಡಿದ್ದೇನೆ. ಬಿಂದಿಗೆ ತುಂಬಿ ಚೆಲ್ಲುತ್ತಿದ್ದರೂ ನನಗೆ ಗೊತ್ತಾಗಲಿಲ್ಲ. ಆ ಮೀಸೆ ಒಂದಲ್ಲ ಒಂದು ದಿನ ನನ್ನ ಕೈಗೆ ಸಿಗಬೇಕು ಎಂದು ಅಂದೇ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮಧುಗಿರಿ ಹತ್ತಿರದ ತವರಿಗೆ ಬಾಣಂತನಕ್ಕೆ ಹೋದವಳು ಬೇಗ ವಾಪಸು ಬರಲಿಲ್ಲ. ಕೂಸನ್ನು ಅಮ್ಮನ ಮಡಿಲಿಗೆ ಹಾಕಿ ಮಧುಗಿರಿಯಲ್ಲೇ ಡಿ.ಎಡ್.ಗೆ ಸೇರಿದೆ. ಕೊನೆಯ ವರ್ಷದ ಪರೀಕ್ಷೆಗೆ ನಾಲ್ಕು ದಿನ ಮುಂಚೆ, ಹಬ್ಬ, ಬಂದು ಹೋಗು ಎಂದು ಮಾವ ಕರೆಸಿಕೊಂಡರು. ಪರೀಕ್ಷೆಯ ಬೆಳಗ್ಗೆ ಯಜಮಾನರು ನನ್ನನ್ನು ಬೈಕಿನಲ್ಲಿ ಹೈವೇವರೆಗೆ ಬಿಡಬೇಕಿತ್ತು. ನಾನು ಹಾಲ್ ಟಿಕೆಟ್ ಹಿಡಿದು ಹೊರಗೆ ಬರುವಷ್ಟರಲ್ಲಿ ಮಾವ ಆ ಬೈಕಿಗೆ ಒಂದು ಟಗರನ್ನು ಕಟ್ಟಿ, ಮಗನನ್ನು ಶಿರಾ ಸಂತೆಗೆ ಕಳಿಸಿಬಿಟ್ಟಿದ್ದರು. ಟಗರು ಬೈಕಿನಲ್ಲಿ ಹೋಯಿತು, ನಾನು ನಡೆದು ಹೋದೆ. ಮೂರು ಕಿಲೋಮೀಟರು ನಡೆದು, ಎರಡು ಬಸ್ಸು ಬದಲಾಯಿಸಿ, ಪ್ರಶ್ನೆಪತ್ರಿಕೆ ಕೊಟ್ಟು ಇಪ್ಪತ್ತು ನಿಮಿಷವಾದ ಮೇಲೆ ಕೂತು ಬರೆದೆ. ಪಾಸಾದೆ.

ಆಮೇಲೂ ಕೆಲಸ ಸಿಗಲು ವರ್ಷಗಳೇ ಹಿಡಿದವು. ಕೊನೆಗೆ ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಕಡೆಯ ಒಂದು ಸರ್ಕಾರಿ ಶಾಲೆಗೆ ಹಾಕಿದರು. ಅಷ್ಟೊತ್ತಿಗೆ ನಮ್ಮೂರೊಳಗೆ ಬಸ್ಸು ಬರಲು ಶುರುವಾಗಿತ್ತು, ನಿಲ್ಲುವುದು ಅರಳಿಕಟ್ಟೆಯ ಮುಂದೆಯೇ. ಬ್ಯಾಗು ಹೆಗಲಿಗೆ ಹಾಕಿಕೊಂಡು, ಮಗಳ ಕೈ ಹಿಡಿದು ನಾನು ಹತ್ತುವಾಗ ಮಾವ ಕಟ್ಟೆಯ ಮೇಲೆ ಕೂತಿದ್ದರು. ನಾನು ಬೇಕೆಂದೇ ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತೆ. ಅವರು ಮೀಸೆ ತಿರುವಿ ಬೇರೆ ಕಡೆ ನೋಡಿದರು. ಮೊದಲ ಸಂಬಳದಲ್ಲಿ ಪೇಡ ತಂದೆ. ಎರಡು ತಿಂದರು, ಮೀಸೆಗೆ ಅಂಟಿದ್ದನ್ನು ಟವೆಲಿನಲ್ಲಿ ಒರೆಸಿಕೊಂಡರು, ಕುರಿ ಹಟ್ಟಿಯ ಕಡೆ ಹೊರಟರು. ಮೇಡಮ್ಮ ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ಹನ್ನೊಂದು ವರ್ಷ ಆ ಮೀಸೆ ನನ್ನ ಕಣ್ಣೆದುರು ಓಡಾಡಿತು. ಆ ನಡುವೆ ನನಗೆ ಊರ ಹತ್ತಿರವೇ ವರ್ಗವಾಯಿತು, ಅತ್ತೆ ತೀರಿಕೊಂಡರು, ಕುರಿಗಳು ಹನ್ನೆರಡಕ್ಕೆ ಇಳಿದವು. ಯಜಮಾನರು ಪಾವಗಡ ತಾಲ್ಲೂಕಿನ ವಳ್ಳೂರಿನ ಹತ್ತಿರ ಸೋಲಾರ್ ಪ್ಲೇಟು ತೊಳೆಸುವ ಕೆಲಸಕ್ಕೆ ಸೇರಿ, ಹದಿನೈದು ದಿನಕ್ಕೊಮ್ಮೆ ಬರುವವರಾದರು.

ಹೋದ ವರ್ಷ ಮಾವ ಕುರಿ ಹಟ್ಟಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ರಾಡು ಹಾಕಿದರು. ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಾರೆ, ಅಷ್ಟೆ. ಮನೆಗೇ ಬಂದು ಕ್ಷೌರ ಮಾಡುತ್ತಿದ್ದವರು ಶಿರಾದಲ್ಲಿ ಸಲೂನು ಹಾಕಿ ಬರುವುದನ್ನು ಬಿಟ್ಟರು. ಯಜಮಾನರು ಬಂದಾಗ ತಮ್ಮದೇ ಪ್ಲಾಸ್ಟಿಕ್ ರೇಜರಿನಲ್ಲಿ, ಆ ಮೂರು ಬ್ಲೇಡಿನದರಲ್ಲಿ, ಅಪ್ಪನ ಗಡ್ಡ ತೆಗೆಯಲು ಹೋದರು. ಹದಿನೈದು ದಿನದ ಬಿಳಿ ಗಡ್ಡ ಅದರ ಸಂದಿಗೆ ಸಿಕ್ಕಿಕೊಂಡು ಎಳೆಯಿತು. ಕುತ್ತಿಗೆಯೆಲ್ಲ ಕೆಂಪು ಗುಳ್ಳೆ ಎದ್ದವು.

"ಬುಡ್ಲಾ, ಸಾಕು. ಕೋಳಿ ತರಿದಂಗೆ ತರೀತೀಯ," ಎಂದು ಮಾವ ಮಗನ ಕೈ ತಳ್ಳಿದರು.

"ನಾನು ಮಾಡ್ತೀನಿ," ಎಂದೆ ಬಾಗಿಲಲ್ಲಿ ನಿಂತಿದ್ದ ನಾನು.

ಇಬ್ಬರೂ ನನ್ನನ್ನೇ ನೋಡಿದರು. ಸೊಸೆ ಮಾವನ ಎದುರು ಚಾಪೆಯ ಮೇಲೂ ಕೂರದ ಮನೆ ಇದು. ಮುಖ ಮುಟ್ಟುವುದೆಂದರೇನು? ಆದರೆ ಗುಳ್ಳೆ ಉರಿಯುತ್ತಿದ್ದವು, ಬೇರೆ ಯಾರೂ ಇರಲಿಲ್ಲ.

ಮಾರನೆಯ ದಿನ ಶಿರಾ ಪೇಟೆಯಲ್ಲಿ ಒಂದು ಹಳೇ ಸಾಬರ ಅಂಗಡಿಗೆ ಹೋದೆ. ಬ್ರಷ್ಷು, ಸೋಪು, ಪಟಿಕ, ಬಾಚಣಿಗೆ ಮಾರುವ ಅಂಗಡಿ. ಅಂಗಡಿಯವರು ಗಾಜಿನ ಬೀರುವಿನಿಂದ ಒಂದು ಸ್ಟೀಲ್ ರೇಜರು ತೆಗೆದರು. ಹಿಡಿ ತಿರುಗಿಸಿದರೆ ಮೇಲಿನ ತಲೆ ಬಿಚ್ಚುತ್ತದೆ, ನಡುವೆ ಒಂದೇ ಒಂದು ಬ್ಲೇಡು.

"ದೇಖೋ ಮೇಡಂ, ಆ ಮೂರು ಬ್ಲೇಡಿಂದು ಕೂದ್ಲು ಎಳೀತದೆ. ಇದು ಎಳೆಯಲ್ಲ. ಒತ್ತಬೇಡಿ, ತೂಕ ಅದ್ರದ್ದೇ ಸಾಕು. ಯಾರಿಗೆ, ಸಾಹೇಬ್ರಿಗಾ?"

"ಮಾವನಿಗೆ."

"ಮಾಶಾಲ್ಲಾ! ಭಾಳ ದೊಡ್ಡ ಖಿದ್ಮತ್ತು, ಸೇವೆ ಇದು," ಎಂದು ಎದೆಯ ಮೇಲೆ ಕೈ ಇಟ್ಟುಕೊಂಡರು.

"ಇದರಲ್ಲಿ ದಪ್ಪ ಮೀಸೆ ಪೂರ್ತಿ ತೆಗೀಬಹುದಾ?" ಎಂದು ಕೇಳಿದೆ.

ಅವರ ಕೈ ಎದೆಯಿಂದ ಇಳಿಯಿತು. "ಮೊದ್ಲು ಕತ್ರಿ ಹಾಕ್ಬೇಕು. ಆಮೇಲೆ ಇದು," ಎಂದು ಮೆಲ್ಲಗೆ ಹೇಳಿದರು. ಕತ್ತರಿಯನ್ನೂ ಕಟ್ಟಿಸಿಕೊಂಡೆ.

ನನ್ನ ಎಡಗೈಯ ಮೇಲೆ ಅಭ್ಯಾಸ ಮಾಡಿದೆ. ಸ್ಟೀಲ್ ಬಟ್ಟಲಲ್ಲಿ ಬಿಸಿನೀರು, ಬ್ರಷ್ಷಿಗೆ ಸೋಪು, ಸುತ್ತಿ ಸುತ್ತಿ ನೊರೆ. ಮೊದಲ ದಿನ ಪ್ಲಾಸ್ಟಿಕ್ ರೇಜರಿನಂತೆ ಒತ್ತಿ ಎಳೆದೆ, ರಕ್ತ ಬಂತು. ಓರೆಯಾಗಿ ಹಿಡಿದು ಸುಮ್ಮನೆ ಜಾರಲು ಬಿಟ್ಟರೆ ಕೆರೆಯುವ ಸಣ್ಣ ಸದ್ದು ಬರುತ್ತದೆ, ಆ ಸದ್ದು ಬಂದರೆ ಸರಿಯಾಗಿದೆ ಎಂದರ್ಥ. ವಾರದಲ್ಲಿ ನನ್ನ ಕೈ ನುಣ್ಣಗಾಯಿತು.

ಮಾವನ ಮುಖದ ಮೇಲೆ ಮೊದಲ ದಿನ ಬ್ಲೇಡು ತಾಗಿಸಲು ಹೆದರಿ ಬರೀ ನೊರೆ ತೆಗೆದೆ. ಕಲಿಸಿದವರು ಅವರೇ. ಕಣ್ಣು ಮುಚ್ಚಿಕೊಂಡೇ ಹೇಳಿದರು. "ಕುರಿ ಉಣ್ಣೆ ಇದ್ದಂಗೇ ಕಣಮ್ಮ. ಹೆದರ್ಕಂಡ್ರೆ ಗಾಯ ಆಯ್ತದೆ. ತೊಗ್ಲು ಬಿಗಿಯಾಗಿ ಹಿಡ್ಕ. ಕೂದ್ಲು ಯಾವ ಕಡೆ ಮಲಗೈತೆ, ಆ ಕಡೇಗೇ ಓಡ್ಸು." ಹಾಗೆಯೇ ಮಾಡಿದೆ. ಗುಳ್ಳೆಗಳು ಹೋದವು. ತಿಂಗಳೊಪ್ಪತ್ತಿನಲ್ಲಿ ಅವರು ನಾನು ಬ್ಲೇಡು ಓಡಿಸುತ್ತಿರುವಾಗಲೇ ತೂಕಡಿಸುವಷ್ಟು ನಂಬಿದರು. ಮೀಸೆಯ ಅಂಚನ್ನು ನೂಲು ಹಿಡಿದಂತೆ ನೇರವಾಗಿ ಬಿಡುತ್ತಿದ್ದೆ. ಹಿಂದೆಂದೂ ಅದು ಅಷ್ಟು ಚೆನ್ನಾಗಿ ಕಂಡಿರಲಿಲ್ಲ. ಕನ್ನಡಿ ಹಿಡಿದು ಅವರು ಖುಷಿಪಡುವಾಗ ನನಗೂ ಖುಷಿಯಾಗುತ್ತಿತ್ತು, ಕಾರಣ ಬೇರೆ.

ತೂಕಡಿಸುವಾಗಲೇ ತೆಗೆದುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದು ಕಳ್ಳತನವಾಗುತ್ತಿತ್ತು. ಜನರ ಮುಂದೆ ಪಣಕ್ಕಿಟ್ಟ ಮೀಸೆ, ಜನರ ಮುಂದೆಯೇ ಹೋಗಬೇಕು. ನಾನು ಕಾದೆ.

ಈ ವರ್ಷ ಮಗಳಿಗೆ ತುಮಕೂರಿನಲ್ಲಿ ಕಾಲೇಜು ಸೀಟು ಸಿಕ್ಕಿತು. ಸುದ್ದಿ ಕೇಳಿ ಮಾವನ ತಂಗಿಯ ಗಂಡ ಒಂದು ಭಾನುವಾರ ಬಂದರು. ಪಾವಗಡದಾಚೆ ಆಂಧ್ರದ ಗಡಿಯವರು, ಮಾತಿನಲ್ಲಿ ಅರ್ಧ ತೆಲುಗು. ಅವರನ್ನು ನೋಡಿ ಕಟ್ಟೆಯ ಹಳಬರಿಬ್ಬರು ಜಗಲಿ ಹತ್ತಿದರು. ಕಾಫಿ ಕೊಟ್ಟು ನಾನು ನನ್ನ ಬಟ್ಟಲು, ಬ್ರಷ್ಷು ಹಿಡಿದು ಬಂದೆ. ಒಂದು ಕೆನ್ನೆ ಮುಗಿದಿತ್ತು. ಇನ್ನೊಂದರ ಮೇಲೆ ನೊರೆ ಇತ್ತು. ಆಗ ಮಾವ ಶುರು ಮಾಡಿದರು.

"ಹೆಣ್ಮಕ್ಳು ಓದ್ಬೇಕು ಕಣಪ್ಪಾ. ಈ ಮನೇಲಿ ಓದ್ಸಿದ್ದು ಯಾರು? ನಾನೇ. ಇವಳ್ನ ಮೇಡಮ್ಮ ಮಾಡ್ದೋನು ನಾನೇ. ಅವತ್ತು ನಾನು ಹಿಂದೆ ನಿಂತ್ಕಳ್ದೆ ಇದ್ದಿದ್ರೆ ಇವತ್ತೂ ಕುರಿ ಕಾಯ್ಕಂಡು ಇರ್ತಿದ್ಲು."

ನನ್ನ ಕೈ ನಿಂತಿತು. ಅವರು ಆಡಿದ ಮಾತು ನುಂಗಿ ಹನ್ನೊಂದು ವರ್ಷ ಮೀಸೆ ತಿರುವಿದ್ದನ್ನು ಹೇಗೋ ಸಹಿಸಿದ್ದೆ. ಆದರೆ ಟಗರನ್ನು ಬೈಕಿಗೆ ಕಟ್ಟಿದ ಕೈ ನನ್ನನ್ನು ಓದಿಸಿತಂತೆ! ನಡೆದ ಮೂರು ಕಿಲೋಮೀಟರನ್ನೂ ನನ್ನಿಂದ ಕಿತ್ತುಕೊಳ್ಳಲು ಹೊರಟಿದ್ದರು. ರೇಜರು ಕೆಳಗಿಟ್ಟು ಕತ್ತರಿ ಎತ್ತಿಕೊಂಡೆ.

"ಮಾವ, ನಾನು ಮೇಡಮ್ಮಾಗಿ ಬಸ್ ಹತ್ತಿದ ದಿನ ಏನೋ ಬೋಳಿಸ್ಕೋತೀನಿ ಅಂದಿದ್ರಿ. ಕಟ್ಟೆ ಮೇಲೆ. ಏನದು?"

ಮಾವನ ತಂಗಿಯ ಗಂಡ ಕಾಫಿ ಲೋಟ ಕೆಳಗಿಟ್ಟು ತೊಡೆ ತಟ್ಟಿದರು. "ಔನು ಬಾವಾ! ಮದುವೆ ಬೀಗರೂಟಕ್ಕೆ ಬಂದವ್ನು ನಾನೂ ಅಲ್ಲೇ ಇದ್ದೆ ಕದಾ! ಮೀಸೆ ಅಂದ್ಯಲ್ಲಯ್ಯಾ ನೀನು!" ಹಳಬರಿಬ್ಬರೂ ನಕ್ಕರು. ಅದೇ ಕಟ್ಟೆಯ ನಗು. ಈ ಸಲ ಅದು ಹೋಗಿ ಬಿದ್ದದ್ದು ಮಾವನ ಮೇಲೆ.

ಮಾವ ನನ್ನನ್ನು ನೋಡಿದರು. ಬೇಡ ಅಂದಿದ್ದರೆ ನಾನು ಬಿಡುತ್ತಿದ್ದೆನೇ? ಬಿಡುತ್ತಿರಲಿಲ್ಲ ಎಂದೇ ತೋರುತ್ತದೆ. ಅವರ ಕೈ ಅಭ್ಯಾಸದಂತೆ ಮೀಸೆಗೆ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ಇತ್ತು, ಮಡಿಲಿಗೆ ಇಳಿಯಿತು.

"ಆಡ್ದೋನು ನಾನೇ. ತೆಗಿ," ಎಂದರು.

ಕತ್ತರಿ ಹಾಕಿದೆ. ಬಿಳಿ ಗೊಂಚಲುಗಳು ಟವೆಲಿನ ಮೇಲೆ ಬಿದ್ದವು. ಬಿಸಿನೀರಿನ ಬಟ್ಟೆ ಒತ್ತಿ, ನೊರೆ ಹಚ್ಚಿ, ಹೊಸ ಬ್ಲೇಡು ಹಾಕಿದೆ. ಅವರೇ ಮೇಲ್ದುಟಿಯನ್ನು ಹಲ್ಲಿನ ಮೇಲೆ ಎಳೆದು ಬಿಗಿ ಹಿಡಿದರು. ಬ್ಲೇಡು ಸಣ್ಣಗೆ ಸದ್ದು ಮಾಡಿಕೊಂಡು ಇಳಿಯಿತು. ಒಂದು ಗೀರೂ ಬೀಳದಂತೆ ತೆಗೆದೆ. ಜೀವನದಲ್ಲಿ ಅಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ. ಪಟಿಕ ಸವರಿ ಕನ್ನಡಿ ಹಿಡಿದೆ. ತುಟಿಯ ಮೇಲಿನ, ಬಿಸಿಲು ಕಾಣದೆ ಬಿಳಿಚಿದ ಜಾಗವನ್ನು ಅವರು ಬೆರಳಿನಿಂದ ಮುಟ್ಟಿ ನೋಡಿದರು. ಹಳಬರು ಏನೋ ನೆಪ ಹೇಳಿ ಎದ್ದು ಹೋದರು.

ಸಂಜೆ ಯಜಮಾನರ ಫೋನು ಬಂತು. "ಏನ್ ಮಾಡ್ಬುಟ್ಟೆ ನೀನು?" ಎಂದರು.

"ನಿಮ್ಮಪ್ಪ ಹೇಳಿದ್ದನ್ನ ಮಾಡ್ದೆ," ಎಂದು ಇಟ್ಟೆ.

ಬುಧವಾರ ಬೆಳಗ್ಗೆ ಮಾಮೂಲಿನಂತೆ ಕೂತರು. ಮೂಗಿನ ಕೆಳಗೆ ಮೂರು ದಿನದ ಬಿಳಿ ಮೊಳಕೆ. ಕೆನ್ನೆ, ಗದ್ದ, ಕುತ್ತಿಗೆ ಮುಗಿಸಿ ನಾನು ಬ್ರಷ್ಷನ್ನು ಮತ್ತೆ ನೊರೆಗೆ ಅದ್ದಿದಾಗ ಅವರು ನನ್ನ ಮಣಿಕಟ್ಟು ಹಿಡಿದರು.

"ಇದೊಂದ್ನ ಬುಟ್ಬುಡಮ್ಮ. ಮಾತು ಮುಗೀತಲ್ಲ."

"ಮುಗೀಲಿಲ್ಲ ಮಾವ. ನಾನು ಬಸ್ ಹತ್ತಿ ಹನ್ನೊಂದು ವರ್ಷ ನೀವು ಮೀಸೆ ಇಟ್ಕೊಂಡಿದ್ರಿ. ಇನ್ನು ಹನ್ನೊಂದು ವರ್ಷ ನಾನು ತೆಗೀತೀನಿ. ಆಮೇಲೆ ಬೆಳೆಸ್ಕೊಳ್ಳಿ."

ಅವರು ಬೆರಳು ಮಡಿಚಿ ಎಣಿಸಿದರು. "ನಂಗೀಗ ಎಪ್ಪತ್ತೊಂಬತ್ತು ಕಣಮ್ಮ. ಅಷ್ಟೊತ್ಗೆ ತೊಂಬತ್ತಾಯ್ತದೆ. ಅಲ್ಲೀಗಂಟ ಬದ್ಕಿರ್ತೀನಾ ನಾನು?"

"ಬದುಕಿರಬೇಕು," ಎಂದು ಅವರ ಮೂಗಿನ ತುದಿ ಎತ್ತಿ ಹಿಡಿದೆ. "ಅದಕ್ಕೆ ಮುಂಚೆ ನಾನು ಬಿಡಲ್ಲ."