ಬಿಟ್ಟುಹೋದವರಿಗೂ ಒಂದು ಫೋನ್

ಬೆಳಗಿನ ಆರು ಗಂಟೆ. ವಿಶ್ವವಿದ್ಯಾಲಯದ ಆಡಳಿತ ಕಟ್ಟಡದ ಮೆಟ್ಟಿಲುಗಳನ್ನು ಇನ್ನೂ ಗುಡಿಸುತ್ತಿದ್ದಾರೆ. ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಐವತ್ತೇಳರ ಹೆಂಗಸೊಬ್ಬರು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು, ಎರಡು ಗುಟುಕು ಕುಡಿದು, ಗಂಟಲು ಸರಿಮಾಡಿಕೊಂಡು, ತಲೆಗೆ ಹೆಡ್‌ಫೋನ್ ಏರಿಸುತ್ತಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊದಲ ನಂಬರ್ ಒತ್ತುತ್ತಾರೆ.

"ಹಲೋ, ನಮಸ್ಕಾರ."

"ವಿಮೆ ಬೇಡಮ್ಮ," ಅತ್ತಲಿಂದ ಗಂಡಸಿನ ನಿದ್ದೆಗಣ್ಣಿನ ದನಿ.

"ಬೇಡದಿದ್ರೆ ಬಿಡಪ್ಪ, ನನ್ನ ಹತ್ರಾನೂ ಇಲ್ಲ. ನೀವು ಓದಿದ್ರಲ್ಲ ಯೂನಿವರ್ಸಿಟಿ, ಅಲ್ಲಿಂದ ಮಾತಾಡ್ತಿದ್ದೀನಿ. ಇಲ್ಲಿ ಕಲಿತಿದ್ದು ಮುಂದೆ ಉಪಯೋಗಕ್ಕೆ ಬಂತಾ ಅಂತ ಕೇಳೋಣ ಅಂತ."

ಅತ್ತ ನಗು. "ಯಾಕೆ, ಬರ್ಲಿಲ್ಲ ಅಂದ್ರೆ ವಾಪಸ್ ತಗೋತೀರಾ?"

ಅಲ್ಲಿಗೆ ಮೀನು ಗಾಳಕ್ಕೆ ಬಿದ್ದಂತೆಯೇ. ಬಸ್ ಡಿಪೋದ ಮೇಲ್ವಿಚಾರಕನಾದ ಆ ಹಳೆಯ ವಿದ್ಯಾರ್ಥಿ ಹಲ್ಲುಜ್ಜುವುದನ್ನೂ ಮರೆತು ಮಾತಿಗಿಳಿಯುತ್ತಾನೆ. ಲೆಕ್ಕಶಾಸ್ತ್ರ ಇವತ್ತಿಗೂ ಕೈಹಿಡಿದಿದೆಯಂತೆ. ಕಂಪ್ಯೂಟರ್ ಪಾಠ ಮಾತ್ರ ಕಲಿಸುವ ಹೊತ್ತಿಗೇ ಹಳಸಿಹೋಗಿತ್ತಂತೆ. ಇವರು 'ಹೂಂ, ಹೂಂ' ಎನ್ನುತ್ತ ಅಷ್ಟನ್ನೂ ಕಂಪ್ಯೂಟರಿಗೆ ಕುಟ್ಟುತ್ತಾರೆ.

ಇಡೀ ಆವರಣಕ್ಕೆ ಇವರು 'ಹಲೋ ಅಕ್ಕ'. ಕುಲಪತಿಗಳ ಕಾರಿನ ಚಾಲಕನಿಂದ ಹಿಡಿದು ಕ್ಯಾಂಟೀನಿನವರ ತನಕ ಎಲ್ಲರೂ ಕರೆಯುವುದು ಹಾಗೆಯೇ. ದುಡಿಯುವ ಜನ ಹಗಲಲ್ಲಿ ಫೋನ್ ಎತ್ತುವುದಿಲ್ಲ. ಎತ್ತಿದರೂ ಆಮೇಲೆ ಮಾಡಿ ಎನ್ನುತ್ತಾರೆ, ಆ ಆಮೇಲೆ ಬರುವುದೇ ಇಲ್ಲ. ರಾತ್ರಿಪಾಳಿ ಮುಗಿಸಿದ ನರ್ಸು, ಬಸ್ಸಿಗೆ ಕಾಯುವ ಗುಮಾಸ್ತ, ಮಕ್ಕಳ ಡಬ್ಬಿ ತುಂಬುತ್ತಿರುವ ತಾಯಿ, ಇವರೆಲ್ಲ ಸಿಕ್ಕುವುದು ಬೆಳಗಿನ ಹೊತ್ತಿನಲ್ಲಿ. ಆದ್ದರಿಂದ ಆರಕ್ಕೆ ಬಂದು ಎರಡಕ್ಕೆ ಹೊರಡುವ ಪಾಳಿಯನ್ನು ಹಲೋ ಅಕ್ಕ ತಾವಾಗಿಯೇ ಕೇಳಿ ಪಡೆದಿದ್ದಾರೆ. ದಿನಕ್ಕೆ ನಲವತ್ತರ ಆಸುಪಾಸು ಕರೆ. ಮನಸ್ಸು ಬಿಚ್ಚಿ ಮಾತಾಡುವವರು ಹತ್ತು ಹನ್ನೆರಡು ಮಂದಿ ಸಿಕ್ಕರೆ ಅದು ಒಳ್ಳೆಯ ದಿನ.

ನಗರದ ಮೂರು ದಿಕ್ಕಿಗೆ ಕಾಲು ಚಾಚಿರುವ ವಿಶ್ವವಿದ್ಯಾಲಯ ಇದು. ಐದು ವರ್ಷಕ್ಕೊಮ್ಮೆ ತನ್ನನ್ನು ತಾನೇ ಅಳೆದು ನೋಡಿಕೊಳ್ಳುತ್ತದೆ. ಏನು ಕಲಿಸಿದೆವು, ಎಲ್ಲಿ ಎಡವಿದೆವು, ಮುಂದಿನ ಹತ್ತು ವರ್ಷ ಯಾವ ದಾರಿ ಹಿಡಿಯಬೇಕು ಎಂದು ದಪ್ಪನೆಯ ವರದಿ ಬರೆಯುತ್ತದೆ. ವಿಭಾಗಗಳಿಂದ ಅಂಕಿಅಂಶ ರಾಶಿ ರಾಶಿ ಬರುತ್ತವೆ. ಓದಿ ಹೊರಟವರು ಏನೆನ್ನುತ್ತಾರೆ ಎಂಬ ಅಧ್ಯಾಯ ಮಾತ್ರ ಪ್ರತಿ ಸಲವೂ ಬಡಕಲು. ಕಳಿಸಿದ ಇಮೇಲ್‌ಗಳಿಗೆ ಉತ್ತರವಿಲ್ಲ.

ಅದೇ ಕಾಲಕ್ಕೆ ಹಲೋ ಅಕ್ಕ ಕೆಲಸವಿಲ್ಲದೆ ಕೂತಿದ್ದರು. ಇಪ್ಪತ್ತೆರಡನೆಯ ವಯಸ್ಸಿಗೆ ಇಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದವರು ಅವರು. ಎಲ್ಲರ ಕೈಗೂ ಮೊಬೈಲ್ ಬಂದಮೇಲೆ ಎಕ್ಸ್‌ಚೇಂಜಿಗೆ ಬೀಗ ಬಿತ್ತು. ಇವರಿಗೆ ಸಂಬಳವಿತ್ತು, ಕುರ್ಚಿಯಿತ್ತು, ಕೆಲಸವಿರಲಿಲ್ಲ. "ಬೆಳಿಗ್ಗೆ ಬಂದು ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ಪಕ್ಕದವರು 'ನಿಮ್ದೇ ಸುಖ' ಅಂತಿದ್ರು. ಎದ್ದು ಹೋಗಿ ಅತ್ತು ಬರ್ತಿದ್ದೆ," ಎನ್ನುತ್ತಾರೆ.

ಅವರನ್ನು ಹುಡುಕಿಕೊಂಡು ಬಂದವರು ಆ ವರದಿಯ ಹೊಣೆ ಹೊತ್ತ ಯೋಜನಾ ವಿಭಾಗದ ಮುಖ್ಯಸ್ಥರಾದ ಗಣಿತದ ಮೇಷ್ಟ್ರು. "ಅಮ್ಮಾ, ನಿಮಗೆ ಮಾತಾಡೋಕೆ ಬರತ್ತೆ, ನನಗೆ ಬರಲ್ಲ. ಸ್ವಲ್ಪ ನನ್ನ ಮಾನ ಉಳಿಸ್ತೀರಾ?" ಎಂದರಂತೆ.

ಮನೆಯಲ್ಲಿ ಅತ್ತೆಗೆ ಈ ಕೆಲಸ ಇಂದಿಗೂ ಅರ್ಥವಾಗಿಲ್ಲ. "ಹರಟೆ ಹೊಡೆಯೋಕೂ ಸಂಬಳ ಕೊಡ್ತಾರೇನೇ?" ಎಂದು ಸೊಸೆಯನ್ನು ಕೇಳುತ್ತಲೇ ಇರುತ್ತಾರೆ. ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡನ ದೂರು ಬೇರೆ. "ಎಲ್ಲಾ ಮಾತೂ ಅಲ್ಲೇ ಖಾಲಿ ಮಾಡ್ಕೊಂಡು ಬರ್ತಾಳೆ. ಮನೇಲಿ ನಮಗೆ ಬರೀ ತಲೆ ಅಲ್ಲಾಡಿಸ್ತಾಳೆ."

ಈ ಸಲದ ವರದಿಯ ಕರಡಿನಲ್ಲಿ ಒಂದು ಸಾಲಿತ್ತು: ಸಂಜೆ ತರಗತಿಗಳನ್ನು ಮುಚ್ಚಬಹುದು. ಹಗಲು ದುಡಿದು ಸಂಜೆ ಓದಲು ಬರುವವರಲ್ಲಿ ಅರ್ಧಕ್ಕರ್ಧ ಜನ ನಡುವೆಯೇ ಬಿಟ್ಟುಹೋಗುತ್ತಾರೆ. ಓದಿನಲ್ಲಿ ಆಸಕ್ತಿ ಕಡಿಮೆ ಇರಬೇಕು. ಆ ಕಟ್ಟಡವನ್ನು ಹೊಸ ಪ್ರಯೋಗಾಲಯಕ್ಕೆ ಕೊಟ್ಟರೆ ಲೇಸು. ಹಲೋ ಅಕ್ಕನಿಗೆ ಇದರ ಗೊಡವೆಯಿರಲಿಲ್ಲ. ಅವರು ಕೇಳಬೇಕಾದದ್ದು ಪದವಿ ಪಡೆದು ಹೋದವರನ್ನು ಮಾತ್ರ.

ಒಂದು ಬೆಳಿಗ್ಗೆ ಹಾಗೆ ಪದವಿ ಪಡೆದ ಹೆಂಗಸೊಬ್ಬಳಿಗೆ ಕರೆ ಮಾಡಿದಾಗ ಫೋನ್ ಎತ್ತಿದ್ದು ಅವಳ ತಂಗಿ. "ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ. ನೀವು ಯೂನಿವರ್ಸಿಟಿಯವರಾ? ನಾನೂ ಅಲ್ಲೇ ಸಂಜೆ ಕ್ಲಾಸಿಗೆ ಬರ್ತಿದ್ದೆ. ಎರಡನೇ ವರ್ಷಕ್ಕೆ ಬಿಟ್ಟೆ."

ಪಟ್ಟಿಯಲ್ಲಿಲ್ಲದ ಪ್ರಶ್ನೆಯೊಂದು ಹಲೋ ಅಕ್ಕನ ಬಾಯಿಂದ ತಾನಾಗಿ ಬಂತು. "ಯಾಕೆ ಬಿಟ್ಟೆ ತಾಯಿ?"

ಅವಳೆಂದಳು: "ಇಷ್ಟು ವರ್ಷ ಆಯ್ತು, ಯಾರೂ ಕೇಳಿರ್ಲಿಲ್ಲ."

ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವವಳು. ಪ್ರಯೋಗದ ತರಗತಿ ಯಾವಾಗಲೂ ಕೊನೆಯದು. ಅದು ಮುಗಿಯುವ ಮೊದಲೇ ಅವಳ ಕಡೆಯ ಬಸ್ಸು ಹೊರಟುಬಿಡುತ್ತಿತ್ತು. ಕೆಲವು ವಾರ ನಡುವೆ ಎದ್ದು ಬಂದಳು, ಕೆಲವು ವಾರ ಹೋಗಲೇ ಇಲ್ಲ. ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲ. "ಓದು ಇಷ್ಟ ಇರ್ಲಿಲ್ಲ ಅಂತಲ್ಲ. ನಡ್ಕೊಂಡು ಹೋಗೋ ದೂರ ಆಗಿರ್ಲಿಲ್ಲ, ಅಷ್ಟೇ."

ಹಲೋ ಅಕ್ಕ ಅವತ್ತೇ ಮೇಷ್ಟ್ರ ಮುಂದೆ ಹೋಗಿ ನಿಂತರು. ಬಿಟ್ಟುಹೋದವರನ್ನೂ ಕೇಳಬೇಕು ಅಂದರು. ಮೇಷ್ಟ್ರಿಗೆ ಆ ಯೋಚನೆ ಮೊದಲೇ ಬಂದಿತ್ತಂತೆ, ಧೈರ್ಯ ಬಂದಿರಲಿಲ್ಲ. "ಅವರ ಗಾಯ ಕೆರೆದ ಹಾಗೆ ಆಗತ್ತಮ್ಮ. ಬೈತಾರೆ," ಎಂದರು.

"ಬೈದ್ರೆ ಬೈಸ್ಕೊಳ್ತೀನಿ ಸಾರ್. ಎಕ್ಸ್‌ಚೇಂಜಿನಲ್ಲಿ ರಾಂಗ್ ನಂಬರಿಗೆಲ್ಲ ಬೈಸ್ಕೊಂಡು ಅಭ್ಯಾಸ ಇದೆ."

ಮೇಷ್ಟ್ರೂ ಪಕ್ಕದಲ್ಲೊಂದು ಕುರ್ಚಿ ಎಳೆದುಕೊಂಡು ಕೂತರು. ಅವರದು ಪಾಠ ಮಾಡುವ ಗತ್ತು. "ತಾವು ವ್ಯಾಸಂಗವನ್ನು ಸ್ಥಗಿತಗೊಳಿಸಿದ ಕಾರಣಗಳನ್ನು" ಎನ್ನುವಷ್ಟರಲ್ಲಿ ಅತ್ತಲಿಂದ ಫೋನ್ ಕಟ್. ಮೂರನೆಯದೂ ಹಾಗೇ ಆದಮೇಲೆ ಅವರು ಹೆಡ್‌ಫೋನ್ ಕೆಳಗಿಟ್ಟು, ಹಲೋ ಅಕ್ಕನಿಗೆ ಬಿಸಿನೀರು ಬಗ್ಗಿಸಿಕೊಡುವ ಕೆಲಸಕ್ಕೆ ನಿಂತರು.

ಬೈದವರು ಇಲ್ಲದಿಲ್ಲ. ಒಬ್ಬಾತ "ಈಗ ನೆನಪಾಯ್ತಾ ನಾನು?" ಎಂದು ಕೂಗಾಡಿ ಫೋನಿಟ್ಟ. ಹಲೋ ಅಕ್ಕನಿಗೆ ಅವತ್ತು ಊಟ ಸೇರಲಿಲ್ಲ. ಮತ್ತೊಬ್ಬಳು "ಪಾಠ ನನ್ನ ತಲೆಗೆ ಹತ್ತಲಿಲ್ಲ ಕಣಮ್ಮ, ನಿಮ್ಮ ತಪ್ಪೇನಿಲ್ಲ" ಎಂದು ಇವರನ್ನೇ ಸಮಾಧಾನ ಮಾಡಿದಳು. ಕಾಯಿಲೆ, ಮದುವೆ, ವರ್ಗಾವಣೆ, ಬಗೆಬಗೆಯ ಕಾರಣ. ಆದರೆ ಎರಡು ತಿಂಗಳು ಕಳೆಯುವ ಹೊತ್ತಿಗೆ ಆ ಕೊನೆಯ ತರಗತಿಯ ಮಾತು ಬೇರೆ ಬೇರೆ ಬಾಯಿಗಳಿಂದ ಮತ್ತೆ ಮತ್ತೆ ಬಂತು.

ಸಭೆಯಲ್ಲಿ ವಾದ ಜೋರಾಗಿಯೇ ನಡೆಯಿತು. ಪ್ರಯೋಗಾಲಯ ಕೇಳಿದವರ ಅಗತ್ಯವೂ ಸುಳ್ಳಲ್ಲ. ಕೊನೆಗೆ ಎರಡು ಸಂಜೆ ಕೋರ್ಸುಗಳಲ್ಲಿ ಒಂದು ನಿಂತುಹೋಯಿತು, ಅದರ ಕೋಣೆಗಳು ಪ್ರಯೋಗಾಲಯಕ್ಕೆ ಹೋದವು. ಇನ್ನೊಂದು ಉಳಿಯಿತು. ಪ್ರಯೋಗದ ತರಗತಿ ಭಾನುವಾರ ಬೆಳಿಗ್ಗೆಗೆ ಬಂತು. ಮೂರು ವರ್ಷ ನೋಡೋಣ ಎಂದು ಯೋಜನೆಯಲ್ಲಿ ಬರೆದಿದ್ದಾರೆ. ವಿಷಯ ತಿಳಿಸಲು ಮೇಷ್ಟ್ರು ಮೂರು ಅಂತಸ್ತು ಇಳಿದು ನೆಲಮಾಳಿಗೆಗೆ ಬಂದರು. "ಪೂರ್ತಿ ಸಿಗಲಿಲ್ಲಮ್ಮ," ಎಂದರು. "ಸಿಕ್ಕಿದ್ದು ಕಮ್ಮಿಯೇನಲ್ಲ ಸಾರ್," ಎಂದರು ಹಲೋ ಅಕ್ಕ.

ಮರುದಿನದ ಮೊದಲ ಕರೆ ಆಸ್ಪತ್ರೆಯ ಆ ಹುಡುಗಿಗೆ. ಬಿಟ್ಟುಹೋದವರಲ್ಲಿ ಇಷ್ಟವಿದ್ದವರು ಮತ್ತೆ ಸೇರಬಹುದು ಎಂದು ತಿಳಿಸಿದಾಗ ಅವಳು ಹಿಂಜರಿದಳು. "ನನಗೀಗ ಮೂವತ್ತು ದಾಟಿದೆ ಅಕ್ಕ. ಚಿಕ್ಕಚಿಕ್ಕವರ ಮಧ್ಯೆ ಕೂತ್ರೆ ನಗ್ತಾರೆ."

"ನಗ್ಲಿ ಬಿಡು. ನಗೋಕಾದ್ರೂ ಅವರು ಕ್ಲಾಸಿಗೆ ಬರ್ಬೇಕಲ್ಲ."

"ನೋಡ್ತೀನಿ" ಎಂದು ಅವಳು ಫೋನಿಟ್ಟಳು. ಆಮೇಲೆ ಸುದ್ದಿಯಿಲ್ಲ. ಸೇರಿದೆಯಾ ಎಂದು ಬೆನ್ನು ಬೀಳುವುದು ಸರಿಯಲ್ಲವೆಂದು ಹಲೋ ಅಕ್ಕನೂ ಸುಮ್ಮನಾದರು.

ಕಳೆದ ತಿಂಗಳ ಒಂದು ಭಾನುವಾರ, ಕೋಣೆಯಲ್ಲಿ ಮರೆತುಬಂದಿದ್ದ ಕನ್ನಡಕ ತರಲೆಂದು ಹಲೋ ಅಕ್ಕ ಗಂಡನ ಸ್ಕೂಟರಿನಲ್ಲಿ ಬಂದರು. ಆವರಣದಲ್ಲಿ ಜನವೋ ಜನ. ಬಿಳಿ ಕೋಟುಗಳನ್ನು ತೋಳಿಗೆ ಹಾಕಿಕೊಂಡು ಕೆಲವರು ಓಡುನಡಿಗೆಯಲ್ಲಿ ಹೋಗುತ್ತಿದ್ದರು. ಅವರಲ್ಲೊಬ್ಬಳು ಜೊತೆಗಾರ್ತಿಗೆ, "ಬೇಗ ಬಾರೇ, ಬಾಗಿಲು ಹಾಕಿಬಿಡ್ತಾರೆ," ಎಂದಳು. ಹಲೋ ಅಕ್ಕ ನಿಂತಲ್ಲೇ ನಿಂತರು. ಮುಖ ಯಾವತ್ತೂ ಕಂಡಿರಲಿಲ್ಲ. ಫೋನಿನಲ್ಲಿ ಕೇಳಿದ ಆ ದನಿಯ ಬಗ್ಗೆ ಮಾತ್ರ ಅನುಮಾನವೇ ಇರಲಿಲ್ಲ. ಅವಳು ಇವರ ಪಕ್ಕದಲ್ಲೇ ಹಾದು, ಮೆಟ್ಟಿಲು ಹತ್ತಿ, ಒಳಗೆ ಹೋದಳು.

ಕಣ್ಣೊರೆಸಿಕೊಂಡು ಬಂದ ಹೆಂಡತಿಯಿಂದ ಸಂಗತಿ ತಿಳಿದ ಗಂಡನಿಗೆ ಸೋಜಿಗ. "ಒಂದ್ಮಾತು ಮಾತಾಡಿಸ್ಬಾರ್ದಿತ್ತೇನೇ? ಅವಳಿಗೂ ಖುಷಿ ಆಗ್ತಿತ್ತು."

ಹಲೋ ಅಕ್ಕ ಸ್ಕೂಟರ್ ಹತ್ತಿ ಕೂತು, ಸೆರಗು ಸರಿಮಾಡಿಕೊಂಡರು. "ಅವಳಿಗೆ ಕ್ಲಾಸಿಗೆ ಹೊತ್ತಾಗಿತ್ತು ಕಣ್ರೀ. ನಾನು ತಡೆದು ನಿಲ್ಲಿಸಿ, ಆ ಹಾಜರಿಯೂ ಹೋಗ್ಬೇಕಾ? ನಡೀರಿ, ನಡೀರಿ."