ಸ್ಟೆತಾಸ್ಕೋಪಿಗೆ ಹತ್ತಿದ ಪೆಟ್ರೋಲ್ ವಾಸನೆ

೧೯೪೬ರ ದಸರೆ ರಜೆಗೆ ನಾನು ಹೈದರಾಬಾದಿನ ಕಾಲೇಜಿನಿಂದ ಮಾನ್ವಿಗೆ ಬಂದಿದ್ದೆ. ಚರ್ಚಾಸ್ಪರ್ಧೆ ಗೆದ್ದ ಹುರುಪು. ಮನೆಯಲ್ಲಿ ಯಾರು ಏನೇ ಅಂದರೂ ಪುರಾವೆ ಕೇಳುತ್ತಿದ್ದೆ. ಆಯುಧಗಳಿಗೆ ಪೂಜೆ ಸಲ್ಲುವ ಖಂಡೇಪೂಜೆಯ ದಿನ ನಮ್ಮ ಡಾಕ್ಟರ್ ಕಾಕಾರ ಹಳೆಯ ಮೋಟಾರ್‌ಸೈಕಲ್ಲಿಗೆ ಅವರ ಹೆಂಡತಿ ಕಾಕು ಮಾಲೆ ಹಾಕಿ ಕುಂಕುಮ ಹಚ್ಚುವಾಗಲೂ ಬಿಡಲಿಲ್ಲ.

"ಇದರಿಂದ ಗಾಡಿ ಚಲೋ ಓಡತದಂತ ಯಾರು ನೋಡ್ಯಾರ್ರಿ?"

"ಓಡಂಗಿಲ್ಲಂತ ನೀ ನೋಡೀಯೇನು?" ಅಂದರು ಕಾಕು.

ಹಬ್ಬ ಮುಗಿದ ಮರುದಿನ ಬೆಳಿಗ್ಗೆ ದೇವದುರ್ಗದ ಬಸ್ಸಿನ ಕಂಡಕ್ಟರ್ ಬಾಗಿಲಿಗೆ ಬಂದ. "ದೇವದುರ್ಗದಾಗ ನಿಮ್ಮ ಅಕ್ಕಗ ಬ್ಯಾನಿ ಸುರುವಾಗ್ಯಾವ್ರಿ. ಕೂಸು ಅಡ್ಡ ಅದ ಅಂತಾಳ ಸೂಲಗಿತ್ತಿ. ಡಾಕ್ಟರ್ ಸಾಹೇಬ್ರು ಲಗೂ ಬರಬೇಕಂತ." ಅವನ ಬಸ್ಸು ರಾಯಚೂರಿಗೆ ಹೋಗಿ ಸಂಜೆಗೇ ಮರಳುವುದು.

ಕಾಕಾ ಗಾಡಿ ಒದ್ದರು. ಅದು ಕುಂಟುತ್ತ ನಾಲ್ಕು ಮಾರು ಹೋಗಿ, ಢಬ್ ಎಂದು ಸಿಡಿದು ನಿಂತಿತು. ಎರಡು ಸಿಲಿಂಡರಿನ ಗಾಡಿ. ಒಂದೊಂದಕ್ಕೂ ಬೇರೆ ಕಾರ್ಬುರೇಟರ್. ಎರಡೂ ಗಾಳಿ, ಪೆಟ್ರೋಲು ಸರಿಸಮ ಎಳೆದುಕೊಂಡರಷ್ಟೇ ಅದು ಓಡುವುದು.

"ಕಾಕು, ನಿಮ್ಮ ಹೂವಿನ ಎಸಳು ಒಳಗ ಹೋಗ್ಯಾವ," ಎಂದು ಬಿಚ್ಚಿ ನೋಡಿದೆ. ಒಳಗೆ ಏನೂ ಇರಲಿಲ್ಲ.

"ಹೂವು ಹ್ಯಾಂಡಲಿಗೆ ಹಾಕೀನಪಾ, ಅದರ ಬಾಯಾಗ ತುರುಕಿಲ್ಲ."

ಆಗ ಕಣ್ಣಿಗೆ ಬಿದ್ದದ್ದು ಕಾರ್ಬುರೇಟರಿನ ಹಿತ್ತಾಳೆ ತಿರುಪುಗಳು. ದೇವರ ಮುಂದಿನ ದೀಪದ ಸಮೆಯಂತೆ ಫಳಫಳ ಹೊಳೆಯುತ್ತಿದ್ದವು.

"ಇವನ್ನ ತಿಕ್ಕೀರೇನು?"

"ಪೂಜಿಗೆ ಹಿತ್ತಾಳಿ ಕರ್ರಗ ಇರಬಾರದಂತ ಹುಣಸಿಹಣ್ಣು ಹಚ್ಚಿ ತಿಕ್ಕೀನಿ. ಗರಗರ ತಿರಗತಿದ್ವು, ಸುತ್ತಲೂ ಚಂದ ಆತು."

ಗಾಳಿಯ ಅಳತೆ ಇಡುವ ತಿರುಪುಗಳೇ ಅವು. ಕಾಕಾ ತಲೆ ಹಿಡಿದುಕೊಂಡರು. "ಜಟಕಾ ಕಟ್ಟಸತೀನಿ." ಜಟಕಾ ದೇವದುರ್ಗ ಮುಟ್ಟುವಷ್ಟರಲ್ಲಿ ಅಕ್ಕನ ಗತಿ?

"ಜಟಕಾ ಬರೂತನಕ ನನಗ ಬಿಡ್ರಿ," ಅಂದೆ.

"ನೀ ವಾದ ಮಾಡಿದ್ರ ಗಾಡಿ ಕೇಳತದೇನಲೇ?"

ಗೆಳೆಯನ ಗಾಡಿ ಬಿಚ್ಚಿ ಕೂಡಿಸಿದ್ದಷ್ಟೇ ನನ್ನ ಅನುಭವ. ಆದರೆ ಒಂದು ಗೊತ್ತಿತ್ತು: ಚರ್ಚೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ, ಒಬ್ಬರನ್ನು ಕೂರಿಸಬೇಕು. ಮುಂದಿನ ಪ್ಲಗ್ಗಿನ ತಂತಿ ಕಿತ್ತು ಹಿಂದಿನ ಸಿಲಿಂಡರ್ ಒಂದನ್ನೇ ಓಡಿಸಿದೆ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದಂತೆ ಕೆಮ್ಮು ನಿಂತಿತು. ಆಮೇಲೆ ಅದನ್ನು ಕೂರಿಸಿ ಮುಂದಿನದರ ಸರದಿ. ಬೆರಳು ಸುಟ್ಟಿತು, ಬಿಡಲಿಲ್ಲ.

ಎರಡೂ ಬೇರೆ ಬೇರೆಯಾಗಿ ಸರಿಯಿದ್ದವು. ಕೂಡಿಸಿದರೆ ಮತ್ತೆ ಜಗಳ. ಯಾವುದು ಹೆಚ್ಚು ಗಾಳಿ ಎಳೆಯುತ್ತಿದೆ ಎಂದು ಆ ಗದ್ದಲದಲ್ಲಿ ತಿಳಿಯುವುದು ಹೇಗೆ?

"ಕಾಕಾ, ನಿಮ್ಮ ಸ್ಟೆತಾಸ್ಕೋಪ್ ಕೊಡ್ರಿ."

ಅವರು ಚೀಲದಿಂದ ತೆಗೆದುಕೊಟ್ಟರು. ತುದಿಯ ಬಿಲ್ಲೆ ಕಳಚಿ, ರಬ್ಬರ್ ನಳಿಗೆಯನ್ನು ಒಂದೊಂದೇ ಕಾರ್ಬುರೇಟರಿನ ಬಾಯಿಗೆ ಹಿಡಿದೆ. ಹಿಂದಿನದು ಬುಸುಗುಡುತ್ತಿತ್ತು, ಮುಂದಿನದು ಪಿಸುಗುಡುತ್ತಿತ್ತು. ಒಂದನ್ನು ತಗ್ಗಿಸಿ ಇನ್ನೊಂದನ್ನು ಏರಿಸಿದೆ. ಮತ್ತೆ ಕೇಳಿದೆ, ಮತ್ತೆ ತಿರುಗಿಸಿದೆ. ಕಡೆಗೆ ಎರಡು ಬಾಯಲ್ಲೂ ಒಂದೇ ಉಸಿರು ಕೇಳಿಸಿತು. ಆಮೇಲೆ ಎರಡೂ ಕೂಡಿಯೇ ಏರುವಂತೆ ಕೇಬಲ್ಲಿನ ಸಡಿಲ ತೆಗೆದೆ. ಗಾಡಿ ಸಿಡಿಯದೆ ಗುಡುಗಿತು.

ಜಟಕಾ ಓಣಿಗೆ ತಿರುಗುವಾಗ ಕಾಕಾ ಸ್ಟೆತಾಸ್ಕೋಪನ್ನು ಚೀಲಕ್ಕೆ ಹಾಕಿಕೊಂಡು ಅದರ ಎದುರಿನಿಂದಲೇ ಹಾದುಹೋದರು.

ಮರುದಿನ ಮರಳಿದವರು ಚೀಲ ಇಳಿಸುವ ಮೊದಲೇ, "ಹೆಣ್ಣುಕೂಸು. ತಾಯಿ ಮಗಳು ಇಬ್ಬರೂ ಆರಾಮ ಅದಾರ," ಅಂದರು.

ಕಾಕು ಈಗಲೂ ಗಾಡಿಗೆ ಪೂಜೆ ಮಾಡುತ್ತಾರೆ, ತಿರುಪುಗಳನ್ನು ಮಾತ್ರ ಕಪ್ಪಗೇ ಬಿಡುತ್ತಾರೆ. ನಾನೂ ಪುರಾವೆ ಕೇಳುವುದನ್ನು ಬಿಟ್ಟಿಲ್ಲ; ತೀರ್ಪು ಕೊಡುವ ಮೊದಲು ಒಂದೊಂದೇ ಕಡೆಗೆ ಕಿವಿಗೊಡುತ್ತೇನೆ, ಅಷ್ಟೆ.

ಮೊನ್ನೆ ಅಕ್ಕ ಮಗಳನ್ನು ನನ್ನ ತೊಡೆಯ ಮೇಲೆ ಕೂರಿಸುತ್ತ ಹೇಳಿದಳು: "ಅವತ್ತು ಕಣ್ಣು ತೆರಿಯಾಕೂ ಶಕ್ತಿ ಇರಲಿಲ್ಲ ನೋಡು. ಹೊಟ್ಟಿ ಮ್ಯಾಲೆ ಏನೋ ಇಟ್ರು, ಪೆಟ್ರೋಲ್ ವಾಸನಿ ಬಂತು. ಕಾಕಾ ಬಂದಾರಂತ ಅದರಿಂದನ ತಿಳೀತು."